ಕಷ್ಟ ಬಂದಾಗ ಕಥೆಯ ಮಕ್ಕಳು ಹೇಗೆ ಬೆಳೆಯುತ್ತಾರೆ: ಬರೆಯುವವರಿಗೆ ಹಂತ ಹಂತವಾಗಿ

‘ಆ ಒಂದೇ ರಾತ್ರಿಯಲ್ಲಿ ಅವನು ದೊಡ್ಡವನಾಗಿಬಿಟ್ಟ.’ ಎಷ್ಟೋ ಕಥೆಗಳಲ್ಲಿ ಈ ಸಾಲು ಬರುತ್ತದೆ. ಹಿಂದಿನ ಅಧ್ಯಾಯದಲ್ಲಿ ಅಪ್ಪ ತೀರಿಕೊಂಡಿರುತ್ತಾನೆ. ಈ ಅಧ್ಯಾಯದಲ್ಲಿ ಹುಡುಗ ಮನೆಯ ಲೆಕ್ಕ ನೋಡುತ್ತಾನೆ, ತಂಗಿಗೆ ಬುದ್ಧಿ ಹೇಳುತ್ತಾನೆ, ಅಮ್ಮನಿಗೆ ಧೈರ್ಯ ತುಂಬುತ್ತಾನೆ. ಓದುವವರಿಗೆ ಬೇಕಾಗಿದ್ದು ಈ ಎರಡು ಅಧ್ಯಾಯಗಳ ನಡುವೆ ಏನಾಯಿತು ಅನ್ನುವುದು. ಬರೆದವರು ಅದನ್ನೇ ಹಾರಿಸಿಬಿಟ್ಟಿರುತ್ತಾರೆ.

ಕಷ್ಟ ತಾನಾಗಿಯೇ ಯಾರನ್ನೂ ಬೆಳೆಸುವುದಿಲ್ಲ. ಕಷ್ಟ ಬಂದಾಗ ಮಕ್ಕಳು ಹೆದರುತ್ತಾರೆ, ಅಳುತ್ತಾರೆ, ಮಾತು ಬಿಡುತ್ತಾರೆ. ಬದಲಾವಣೆ ಶುರುವಾಗುವುದು ಆಮೇಲೆ. ಆ ಕಷ್ಟದಿಂದಾಗಿ ಒಂದು ಕೆಲಸ ಅವರ ಪಾಲಿಗೆ ಬಂದಾಗ. ದಿನಾ ಮಾಡಲೇಬೇಕಾದ ಕೆಲಸ, ತಪ್ಪಿದರೆ ಬೇರೆ ಯಾರಿಗೋ ತೊಂದರೆಯಾಗುವ ಕೆಲಸ. ಈ ಲೇಖನದಲ್ಲಿ ನಾನು ಹೇಳುವುದೆಲ್ಲ ಆ ಕೆಲಸದ ಬಗ್ಗೆಯೇ.

ಉದಾಹರಣೆಗೆ ಒಂದು ಸಣ್ಣ ಕಥೆಯನ್ನು ಜೊತೆಗಿಟ್ಟುಕೊಳ್ಳೋಣ. ಒಬ್ಬಳು ಹುಡುಗಿ, ವಯಸ್ಸು 13. ಅವಳಿಗೊಬ್ಬ ತಮ್ಮ, 6 ವರ್ಷದವನು. ಅಪ್ಪ ದೂರದಲ್ಲಿ ಕೆಲಸ ಮಾಡುತ್ತಾನೆ, ವಾರಕ್ಕೊಮ್ಮೆ ಮನೆಗೆ ಬರುತ್ತಾನೆ. ಅಮ್ಮ ಹಾಸಿಗೆ ಹಿಡಿಯುತ್ತಾಳೆ. ಹೆಸರು ಬೇಡ, ಅಕ್ಕ ಮತ್ತು ತಮ್ಮ ಅಂತಲೇ ಕರೆಯೋಣ.

ಹಂತ 1: ಕಷ್ಟಕ್ಕೆ ಮುಂಚೆ ಹೇಗಿದ್ದಳು?

ಬದಲಾದಳು ಅಂತ ಗೊತ್ತಾಗಬೇಕಾದರೆ ಮೊದಲು ಹೇಗಿದ್ದಳು ಅಂತ ಗೊತ್ತಿರಬೇಕು, ಅಲ್ವಾ? ‘ಆಡಿಕೊಂಡು ಖುಷಿಯಾಗಿದ್ದಳು’ ಅಂದರೆ ಸಾಲದು. ಎಲ್ಲ ಮಕ್ಕಳೂ ಹಾಗೇ ಇರುತ್ತಾರೆ. ಅವಳದೇ ಆದ ಒಂದು ಅಭ್ಯಾಸ ಬೇಕು, ಒಂದು ಆಸೆ ಬೇಕು, ಒಂದು ಕೊರತೆಯೂ ಬೇಕು.

ನಮ್ಮ ಅಕ್ಕನಿಗೆ ಕಿಟಕಿಯ ಪಕ್ಕ ಸುಮ್ನೆ ಕೂತು ಹೊರಗೆ ನೋಡುವ ಅಭ್ಯಾಸ. ಶಾಲೆಯ ನಾಟಕದಲ್ಲಿ ಪಾತ್ರ ಮಾಡುವ ಆಸೆ. ಕೊರತೆ ಅಂದರೆ ಮರೆವು. ಏನು ಹೇಳಿದರೂ ‘ಆಯ್ತು ಆಯ್ತು’ ಅನ್ನುತ್ತಾಳೆ, ಬಾಗಿಲು ದಾಟುವಷ್ಟರಲ್ಲಿ ಮರೆತಿರುತ್ತಾಳೆ. ಮನೆಯವರು ಅದನ್ನು ಹೇಳಿ ಹೇಳಿ ನಗುತ್ತಾರೆ.

ಈ ಮೂರರಲ್ಲಿ ಕೊರತೆಯನ್ನು ಜಾಸ್ತಿ ಯೋಚಿಸಿ ಆರಿಸಿಕೊಳ್ಳಿ. ಮುಂದೆ ಬರುವ ಕೆಲಸ ನೇರವಾಗಿ ಅದಕ್ಕೇ ತಾಗಬೇಕು. ಮರೆವಿನ ಹುಡುಗಿಗೆ ಮರೆಯಬಾರದ ಕೆಲಸ ಬರಲಿ. ನಾಚಿಕೆ ಸ್ವಭಾವದ ಹುಡುಗ ನಾಲ್ಕು ಜನರ ಮುಂದೆ ಹೋಗಿ ಸಾಲ ಕೇಳಬೇಕಾಗಿ ಬರಲಿ. ಸುಳ್ಳು ಹೇಳಿ ಜಾರಿಕೊಳ್ಳುವವನ ಮಾತನ್ನು ನಂಬಿಕೊಂಡೇ ಒಬ್ಬರು ಬದುಕುವಂತಾಗಲಿ. ಮೊದಲೇ ಜಾಣ, ಮೊದಲೇ ಅಚ್ಚುಕಟ್ಟಾಗಿರುವ ಮಗುವಿಗೆ ಜವಾಬ್ದಾರಿ ಬಂದರೆ ಆಯಾಸವಾಗುತ್ತದೆ, ಅಷ್ಟೇ. ಬದಲಾಗಲು ಅದಕ್ಕೆ ಕಾರಣವಿರುವುದಿಲ್ಲ.

ಹಂತ 2: ವಯಸ್ಸನ್ನು ಗಟ್ಟಿ ಮಾಡಿಕೊಳ್ಳಿ

‘ಚಿಕ್ಕ ವಯಸ್ಸಿನಲ್ಲೇ’ ಅಂತ ಬರೆದು ಮುಂದೆ ಹೋಗಬೇಡಿ. 6ಕ್ಕೂ 13ಕ್ಕೂ ಅಜಗಜಾಂತರ.

ಈ ವಿಷಯದಲ್ಲಿ ಬರೆಯುವವರಿಗೆ ತುಂಬ ಉಪಯೋಗಕ್ಕೆ ಬರುವ ಒಂದು ಅಧ್ಯಯನವಿದೆ. ಅಮೆರಿಕದ ಸಮಾಜಶಾಸ್ತ್ರಜ್ಞ ಗ್ಲೆನ್ ಎಲ್ಡರ್ 1930ರ ದಶಕದ ಆರ್ಥಿಕ ಮಹಾಕುಸಿತದಲ್ಲಿ ಬೆಳೆದ ಮಕ್ಕಳ ಬಗ್ಗೆ 1974ರಲ್ಲಿ ಒಂದು ಪುಸ್ತಕ ಬರೆದರು. ಕ್ಯಾಲಿಫೋರ್ನಿಯಾದ ಓಕ್ಲೆಂಡ್‌ನಲ್ಲಿ 1920-21ರಲ್ಲಿ ಹುಟ್ಟಿದ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿ ಇಟ್ಟಿದ್ದ ದಾಖಲೆಗಳು ಅವರಿಗೆ ಸಿಕ್ಕಿದ್ದವು. ಅಪ್ಪನ ಸಂಪಾದನೆ ಬಿದ್ದುಹೋದ ಮನೆಗಳಲ್ಲಿ ಗಂಡುಮಕ್ಕಳು ಹೊರಗೆ ಸಣ್ಣಪುಟ್ಟ ಕೆಲಸಕ್ಕೆ ಹೋದರು, ಹೆಣ್ಣುಮಕ್ಕಳು ಮನೆಕೆಲಸ ಹೊತ್ತುಕೊಂಡರು. ಮನೆಗೆ ತಮ್ಮಿಂದ ಉಪಯೋಗವಿದೆ ಅನ್ನುವುದು ಅವರಿಗೆ ಗೊತ್ತಿತ್ತು. ಅವರಲ್ಲಿ ಎಷ್ಟೋ ಮಂದಿ ಮುಂದೆ ಗಟ್ಟಿಯಾಗಿ ನಿಂತರು.

ಆಮೇಲೆ ಎಲ್ಡರ್ ಪಕ್ಕದ ಬರ್ಕ್ಲಿಯಲ್ಲಿ 1928-29ರಲ್ಲಿ ಹುಟ್ಟಿದ ಮಕ್ಕಳ ಜೊತೆ ಇವರನ್ನು ಹೋಲಿಸಿದರು. ಕುಸಿತ ಬಂದಾಗ ಈ ಮಕ್ಕಳಿನ್ನೂ ತೀರಾ ಚಿಕ್ಕವರು. ಕೈ ಹಾಕಿ ಸಹಾಯ ಮಾಡುವ ವಯಸ್ಸಲ್ಲ. ಮನೆಯ ಜಗಳ, ಅಪ್ಪನ ಸಿಟ್ಟು ಎಲ್ಲ ನೋಡುತ್ತ ಕೂರುವ ವಯಸ್ಸು. ಅವರಲ್ಲಿ ಗಂಡುಮಕ್ಕಳಿಗೆ ಏಟು ಜಾಸ್ತಿ ಬಿದ್ದಿತ್ತು. ಅದೇ ವಯಸ್ಸಿನ ಹೆಣ್ಣುಮಕ್ಕಳು ತಾಯಿಗೆ ಇನ್ನಷ್ಟು ಹತ್ತಿರವಾಗಿ ಒಂದಿಷ್ಟು ಬಚಾವಾಗಿದ್ದರು.

ಒಂದೇ ಕಷ್ಟ, ಏಳೆಂಟು ವರ್ಷದ ಅಂತರ. ಒಬ್ಬರಿಗೆ ಅದು ಕೆಲಸ ಕೊಟ್ಟಿತು, ಇನ್ನೊಬ್ಬರನ್ನು ಬರೀ ನೋಡುವವರನ್ನಾಗಿ ಮಾಡಿತು. ನಿಮ್ಮ ಕಥೆಯಲ್ಲಿ ಒಂದೇ ಮನೆಯ ಇಬ್ಬರು ಮಕ್ಕಳಿದ್ದರೆ ಇದನ್ನು ದಯವಿಟ್ಟು ಬಳಸಿಕೊಳ್ಳಿ. ಅಕ್ಕನಿಗೆ ಮಾಡಲು ಏನಾದರೂ ಇದೆ. ತಮ್ಮನಿಗೆ ಏನೂ ಇಲ್ಲ. ಅವನ ಕಷ್ಟ ಇವಳಿಗಿಂತ ಕಡಿಮೆಯದಲ್ಲ, ಆದರೆ ಬೇರೆ ಥರದ್ದು.

ಯಾವ ವಯಸ್ಸಿನವರಿಗೆ ಕಷ್ಟ ಹೇಗೆ ಅರ್ಥವಾಗುತ್ತದೆ ಅನ್ನುವುದಕ್ಕೆ ಒಂದು ಅಂದಾಜು ಇಟ್ಟುಕೊಳ್ಳಿ. ಐದಾರು ವರ್ಷದ ಮಗು ಆಗಿದ್ದಕ್ಕೆಲ್ಲ ತಾನೇ ಕಾರಣ ಅಂದುಕೊಳ್ಳುವುದುಂಟು: ‘ನಾನು ಹಟ ಮಾಡಿದ್ದಕ್ಕೆ ಅಮ್ಮನಿಗೆ ಹುಷಾರಿಲ್ಲ.’ ಹತ್ತರ ಹೊತ್ತಿಗೆ ನ್ಯಾಯ ಅನ್ಯಾಯದ ಲೆಕ್ಕ ಶುರು: ‘ಪಕ್ಕದ ಮನೆಯವನು ಆಡುತ್ತಾನೆ, ನಾನ್ಯಾಕೆ ಮಾಡಬೇಕು?’ ಹದಿಮೂರು ಹದಿನಾಲ್ಕಕ್ಕೆ ನಾಚಿಕೆ ದೊಡ್ಡದು. ಮನೆಯ ಸ್ಥಿತಿ ಗೆಳತಿಯರಿಗೆ ಗೊತ್ತಾಗಬಾರದು ಅನ್ನುವುದೇ ಒಂದು ಕೆಲಸವಾಗುತ್ತದೆ. ಹದಿನೇಳಕ್ಕೆ ತನ್ನ ಮುಂದಿನ ಬದುಕು ಕಣ್ಣೆದುರಿಗಿರುತ್ತದೆ. ಅದು ಕೈತಪ್ಪುವ ಸಿಟ್ಟೂ ಜೊತೆಗಿರುತ್ತದೆ.

ಹಂತ 3: ಕಷ್ಟವನ್ನು ಕೆಲಸಕ್ಕೆ ಇಳಿಸಿ

ಈ ಮಾರ್ಗದರ್ಶಿಯಲ್ಲಿ ಒಂದೇ ಒಂದು ಹಂತ ಮಾಡಿ ಅಂದರೆ ನಾನು ಇದನ್ನೇ ಹೇಳುತ್ತೇನೆ.

‘ಅಮ್ಮನ ಕಾಯಿಲೆ’ ಅನ್ನುವುದು ಕೆಲಸವಲ್ಲ. ‘ಬಡತನ’ ಕೆಲಸವಲ್ಲ. ‘ಮನೆಯ ಜವಾಬ್ದಾರಿ’ ಅನ್ನುವುದೂ ಕೆಲಸವಲ್ಲ, ಅದು ದೊಡ್ಡವರು ಭಾಷಣದಲ್ಲಿ ಹೇಳುವ ಮಾತು. ಬೆಳಿಗ್ಗೆ ಎರಡು, ಮಧ್ಯಾಹ್ನ ಒಂದು, ರಾತ್ರಿ ಊಟ ಆದ ಮೇಲೆ ಎರಡು ಮಾತ್ರೆ ಕೊಡುವುದು ಕೆಲಸ. ರಾತ್ರಿಯ ಎರಡರಲ್ಲಿ ಹಳದಿಯದು ಮೊದಲು, ಬಿಳಿಯದು ಅರ್ಧ ಗಂಟೆ ಬಿಟ್ಟು. ಈಗ ಬರೆಯಲು ನಿಮ್ಮ ಕೈಯಲ್ಲಿ ಏನೋ ಇದೆ. ಓದುವವರ ಕಣ್ಣಿಗೂ ಕಾಣುವಂಥದ್ದು.

ಕೆಲಸ ಆರಿಸಿಕೊಂಡ ಮೇಲೆ ಅದರ ಬಗ್ಗೆ ನಿಮ್ಮನ್ನು ನೀವೇ ಕೇಳಿಕೊಳ್ಳಿ. ಇದನ್ನು ಅವಳಿಗೆ ಯಾರು ಹೇಳಿಕೊಟ್ಟರು, ಎಷ್ಟು ಅವಸರದಲ್ಲಿ ಹೇಳಿಕೊಟ್ಟರು? ತಪ್ಪಿದರೆ ಏನಾಗುತ್ತದೆ? ತಪ್ಪಿದ್ದು ಯಾರಿಗೆ ಗೊತ್ತಾಗುತ್ತದೆ? ಸರಿಯಾಗಿ ಮಾಡಿದರೆ ಯಾರಾದರೂ ನೋಡುತ್ತಾರಾ? ಕೊನೆಯದು ಮುಖ್ಯ. ಮನೆಯ ಕೆಲಸಗಳು ಸರಿಯಾಗಿ ನಡೆದಾಗ ಕಾಣಿಸುವುದೇ ಇಲ್ಲ, ಕೆಟ್ಟಾಗ ಮಾತ್ರ ಕಾಣಿಸುತ್ತವೆ. ಮಕ್ಕಳಿಗೆ ಇದು ತುಂಬ ನೋವು ಕೊಡುವ ಕಲಿಕೆ.

ಮಕ್ಕಳು ಹೊರುವ ಹೊರೆ ಎರಡು ಥರದ್ದು. ಒಂದು ಕೈಯಿಂದ ಮಾಡುವುದು: ಅಡುಗೆ, ಔಷಧಿ, ತಮ್ಮನನ್ನು ಶಾಲೆಗೆ ಬಿಡುವುದು. ಇನ್ನೊಂದು ಮನಸ್ಸಿನಿಂದ ಮಾಡುವುದು: ಅಮ್ಮ ಅಳದ ಹಾಗೆ ನೋಡಿಕೊಳ್ಳುವುದು, ಅಪ್ಪ ಫೋನ್ ಮಾಡಿದಾಗ ಎಲ್ಲ ಚೆನ್ನಾಗಿದೆ ಅನ್ನುವುದು, ಇಬ್ಬರ ಜಗಳದ ನಡುವೆ ನಿಲ್ಲುವುದು. ಅಪ್ಪ ಅಮ್ಮನ ಪಾತ್ರವನ್ನು ಮಕ್ಕಳೇ ವಹಿಸಿಕೊಳ್ಳುವುದರ ಬಗ್ಗೆ ಮನಶ್ಶಾಸ್ತ್ರಜ್ಞರು ದಶಕಗಳಿಂದ ಬರೆಯುತ್ತಿದ್ದಾರೆ. ಅವರೂ ಈ ಎರಡನ್ನು ಬೇರೆ ಬೇರೆಯಾಗಿಯೇ ನೋಡುತ್ತಾರೆ. ಮನಸ್ಸಿನ ಹೊರೆ ಜಾಸ್ತಿ ಭಾರ ಅನ್ನುವುದು ಸಾಮಾನ್ಯವಾಗಿ ಅವರ ಅಭಿಪ್ರಾಯ.

ಕಥೆ ಬರೆಯುವಾಗ ಕೈಯ ಕೆಲಸವನ್ನು ಮುಂದಿಡಿ, ಮನಸ್ಸಿನ ಕೆಲಸವನ್ನು ಅದರ ಹಿಂದೆ ಅಡಗಿಸಿ. ಅಕ್ಕ ಮಾತ್ರೆ ಕೊಡುವುದನ್ನು ನಾವು ನೋಡುತ್ತೇವೆ. ಕೊಡುವಾಗ ಅಮ್ಮನ ಮುಖ ನೋಡದೆ ಗೋಡೆ ನೋಡುತ್ತಾಳೆ. ಅಷ್ಟರಲ್ಲೇ ಉಳಿದದ್ದು ಗೊತ್ತಾಗುತ್ತದೆ.

ಹಂತ 4: ಮೊದಲು ಕೆಡಲಿ, ಆಮೇಲೆ ಅತಿಯಾಗಲಿ

ಜವಾಬ್ದಾರಿ ಬಂದ ಕೂಡಲೇ ಯಾರೂ ಅದನ್ನು ಚೆನ್ನಾಗಿ ಮಾಡುವುದಿಲ್ಲ. ನಮ್ಮ ಅಕ್ಕ ಮೂರನೇ ರಾತ್ರಿಯೇ ಮರೆಯುತ್ತಾಳೆ. ಹಳದಿ ಮಾತ್ರೆ ಕೊಟ್ಟು, ಅರ್ಧ ಗಂಟೆ ಕಾಯುತ್ತ ಕೂತವಳು ಹಾಗೇ ನಿದ್ದೆ ಹೋಗುತ್ತಾಳೆ. ಬೆಳಿಗ್ಗೆ ಎದ್ದಾಗ ಬಿಳಿ ಮಾತ್ರೆ ಬಟ್ಟಲಲ್ಲೇ ಇದೆ. ಅಮ್ಮ ರಾತ್ರಿಯೆಲ್ಲ ನರಳಿರುತ್ತಾಳೆ. ಆದರೆ ಬೈಯುವುದಿಲ್ಲ.

ಇಲ್ಲಿ ಅಮ್ಮ ಬೈದರೆ ಕಥೆ ಸುಲಭವಾಗುತ್ತದೆ. ಬೈಸಿಕೊಂಡರೆ ಲೆಕ್ಕ ಚುಕ್ತಾ, ಮಗು ಅತ್ತು ಹಗುರಾಗುತ್ತದೆ. ಬೈಯದಿದ್ದರೆ ಆ ತಪ್ಪನ್ನು ಅವಳೊಬ್ಬಳೇ ಇಟ್ಟುಕೊಳ್ಳಬೇಕು.

ಇದಾದ ಮೇಲೆ ಹೆಚ್ಚಿನವರು ಅಕ್ಕನನ್ನು ನೇರ ಒಳ್ಳೆಯವಳನ್ನಾಗಿ ಮಾಡಿಬಿಡುತ್ತಾರೆ. ಸ್ವಲ್ಪ ತಡೆಯಿರಿ. ನಡುವೆ ಇನ್ನೊಂದು ಘಟ್ಟವಿದೆ. ತಪ್ಪು ಮಾಡಿ ಹೆದರಿದ ಮಗು ಅತಿಯಾಗಿ ಮಾಡಲು ಶುರುಮಾಡುತ್ತದೆ. ಗೋಡೆಗೆ ಪಟ್ಟಿ ಅಂಟಿಸುತ್ತದೆ. ನಿಮಿಷ ಆಚೀಚೆ ಆದರೆ ಸಿಡುಕುತ್ತದೆ. ತನಗಿಂತ ಚಿಕ್ಕವರ ಮೇಲೆ ಯಜಮಾನಿಕೆ ನಡೆಸುತ್ತದೆ. ನಾಯಕಿ ಓದುಗರಿಗೆ ಇಷ್ಟವಾಗದೆ ಹೋದರೆ ಅಂತ ಅಂಜಿಯೋ ಏನೋ, ಈ ಘಟ್ಟವನ್ನು ಬಿಟ್ಟುಬಿಡುವವರೇ ಜಾಸ್ತಿ. ನನ್ನ ಅನುಭವದಲ್ಲಿ ಓದುಗರು ಆ ಮಗುವನ್ನು ನಂಬಲು ಶುರುಮಾಡುವುದೇ ಇಲ್ಲಿ.

ಹೀಗೆ ಬರೆದು ನೋಡಬಹುದು:

ತಮ್ಮ ಬಾಗಿಲ ಹತ್ತಿರ ನಿಂತಿದ್ದ.

‘ಅಕ್ಕಾ, ಕಥೆ ಹೇಳು.’

‘ಇವತ್ತು ಆಗಲ್ಲ.’

‘ನಿನ್ನೆನೂ ಆಗಲ್ಲ ಅಂದೆ.’

‘ಲೋ, ಒಂದ್ಸಲ ಹೇಳಿದ್ರೆ ಕೇಳಿಸಲ್ವಾ? ಹೋಗಿ ಮಲ್ಕೋ.’

ಅವನು ಹೋಗಲಿಲ್ಲ. ಅವಳು ಗಡಿಯಾರ ನೋಡಿದಳು. ಬಿಳಿ ಮಾತ್ರೆಗೆ ಇನ್ನು ಹನ್ನೊಂದು ನಿಮಿಷ.

‘ನೀನು ಅಮ್ಮನ ಥರ ಮಾತಾಡ್ತಿದೀಯ,’ ಅಂದ ತಮ್ಮ. ‘ಆದ್ರೆ ಅಮ್ಮ ಹಿಂಗೆ ಬೈಯಲ್ಲ.’

ಈ ತುಣುಕಿನಲ್ಲಿ ಅಕ್ಕ ಕೆಟ್ಟವಳಲ್ಲ. ಹನ್ನೊಂದು ನಿಮಿಷದಲ್ಲಿ ಒಂದು ಕಥೆ ಹೇಳಬಹುದಿತ್ತು, ಅದು ನಮಗೆ ಗೊತ್ತು. ಅವಳಿಗೆ ಆ ಧೈರ್ಯ ಇಲ್ಲ, ಯಾಕೆಂದರೆ ಒಮ್ಮೆ ಮೈಮರೆತು ಕೆಟ್ಟಿದ್ದಾಳೆ. ಮುಂದೆ ಯಾವತ್ತೋ ಒಂದು ರಾತ್ರಿ ಅವಳು ಗಡಿಯಾರ ನೋಡಿ ‘ಬಾ, ಚಿಕ್ಕ ಕಥೆ ಹೇಳ್ತೀನಿ’ ಅಂದರೆ ಅದು ದೊಡ್ಡ ಬದಲಾವಣೆ. ಕೆಲಸವೂ ಉಳಿಯಿತು, ತಮ್ಮನೂ ಉಳಿದ. ಆ ರಾತ್ರಿಗೆ ವಿವರಣೆ ಬೇಕಾಗುವುದಿಲ್ಲ, ಈ ರಾತ್ರಿ ಮೊದಲೇ ಬಂದಿದ್ದರೆ ಸಾಕು.

ಹಂತ 5: ಅವಳ ಕಣ್ಣಿಗೆ ಏನು ಬೀಳುತ್ತದೆ?

‘ಅವಳು ಪ್ರಬುದ್ಧಳಾದಳು’ ಅಂತ ಬರೆಯಬೇಡಿ. ಅವಳ ಕಣ್ಣಿಗೆ ಬೀಳುವ ವಸ್ತುಗಳನ್ನು ಬದಲಿಸಿ. ಜವಾಬ್ದಾರಿ ಮೊದಲು ಬದಲಿಸುವುದು ಗಮನವನ್ನು. ಬುದ್ಧಿ, ಮಾತು, ನಡತೆ ಎಲ್ಲ ಆಮೇಲೆ.

ಕಾಯಿಲೆಗೆ ಮುಂಚಿನ ಅಕ್ಕ:

ಮಳೆ ಬರುತ್ತಿತ್ತು. ಕಿಟಕಿಯ ಗಾಜಿನ ಮೇಲೆ ಎರಡು ಹನಿ ಒಂದನ್ನೊಂದು ಅಟ್ಟಿಸಿಕೊಂಡು ಇಳಿಯುತ್ತಿದ್ದವು. ಎಡಗಡೆಯದೇ ಗೆಲ್ಲುತ್ತೆ ಅಂದುಕೊಂಡಳು. ಒಳಗಿನಿಂದ ಅಮ್ಮ ಏನೋ ಕರೆದು ಹೇಳಿದಳು. ‘ಆಯ್ತು ಆಯ್ತು,’ ಅಂದಳು.

ಎರಡು ತಿಂಗಳ ನಂತರದ ಅಕ್ಕ:

ಮಳೆ ಬಂತು. ಎದ್ದು ಕಿಟಕಿ ಮುಚ್ಚಿದಳು. ಅಮ್ಮನ ಹೊದಿಕೆಯ ಅಂಚು ಮುಟ್ಟಿ ನೋಡಿದಳು, ಒದ್ದೆಯಾಗಿರಲಿಲ್ಲ. ತಮ್ಮನ ಅಂಗಿ ಹೊರಗೆ ಹಗ್ಗದ ಮೇಲೇ ಇತ್ತು. ಬಿಳಿ ಮಾತ್ರೆ ಇನ್ನು ನಾಲ್ಕು. ಅಪ್ಪ ಬರುವುದು ಶನಿವಾರ.

ಎರಡರಲ್ಲೂ ಅದೇ ಮಳೆ, ಅದೇ ಕಿಟಕಿ. ಎರಡನೆಯದರಲ್ಲಿ ವಾಕ್ಯಗಳು ಮೊಟಕಾಗಿವೆ. ಕಲ್ಪನೆ ಹೋಗಿ ಎಣಿಕೆ ಬಂದಿದೆ. ನಾಲ್ಕು ಮಾತ್ರೆ ಶನಿವಾರದವರೆಗೆ ಸಾಲುತ್ತದಾ ಅನ್ನುವ ಚಿಂತೆಯನ್ನು ನಾನು ಬರೆದಿಲ್ಲ. ಎರಡು ವಿಷಯ ಅಕ್ಕಪಕ್ಕ ಇಟ್ಟರೆ ಓದುವವರೇ ಲೆಕ್ಕ ಹಾಕುತ್ತಾರೆ.

ನೀವೂ ಮಾಡಿ ನೋಡಿ. ಒಂದೇ ಜಾಗವನ್ನು ಎರಡು ಸಲ ಬರೆಯಿರಿ, ಕೆಲಸ ಬರುವ ಮುಂಚೆ ಒಮ್ಮೆ, ಬಂದ ಮೇಲೆ ಒಮ್ಮೆ. ಭಾವನೆ ಹೇಳುವ ಪದ ಒಂದೂ ಬೇಡ. ಬರೀ ಕಂಡದ್ದು, ಕೇಳಿಸಿದ್ದು. ಎರಡಕ್ಕೂ ವ್ಯತ್ಯಾಸ ಕಾಣದಿದ್ದರೆ ನಿಮ್ಮ ಪಾತ್ರ ಇನ್ನೂ ಬದಲಾಗಿಲ್ಲ ಅಂತಲೇ ಅರ್ಥ.

ಮಾತಿನಲ್ಲೂ ಇದು ಕಾಣಿಸಬೇಕು. ಮುಂಚೆ ‘ಯಾಕೆ?’ ಅಂತ ಕೇಳುತ್ತಿದ್ದವಳು ಈಗ ‘ಯಾವಾಗ?’, ‘ಎಷ್ಟು?’ ಅಂತ ಕೇಳುತ್ತಾಳೆ. ಆದರೆ ಅವಳ ಬಾಯಲ್ಲಿ ದೊಡ್ಡವರ ತತ್ವದ ಮಾತು ಹಾಕಬೇಡಿ. ಹದಿಮೂರರ ಹುಡುಗಿ ಬದುಕಿನ ಅರ್ಥದ ಬಗ್ಗೆ ಎರಡು ವಾಕ್ಯ ಹೇಳಿದ ಕೂಡಲೇ ಅಲ್ಲಿ ಹುಡುಗಿ ಮಾಯವಾಗಿ ಲೇಖಕರು ಕಾಣಿಸಿಕೊಳ್ಳುತ್ತಾರೆ.

ಹಂತ 6: ಕಳೆದುಕೊಂಡದ್ದನ್ನೂ ಬರೆಯಿರಿ

ಕಷ್ಟ ಅನ್ನುವುದು ಚಿನ್ನವನ್ನು ಪುಟಕ್ಕಿಟ್ಟ ಹಾಗೆ, ಮನುಷ್ಯ ಹೊಳೆಯುತ್ತಾನೆ ಅಂತ ನಾವು ಹೇಳುತ್ತ ಬಂದಿದ್ದೇವೆ. ಕಥೆಯಲ್ಲಿ ಅದನ್ನೇ ಹೇಳಿದರೆ ಒಂದು ಅನ್ಯಾಯವಾಗುತ್ತದೆ. ನಿಮ್ಮ ಕಥೆ ಓದುವವರಲ್ಲಿ ಇವತ್ತೂ ಅಂಥ ಹೊರೆ ಹೊತ್ತಿರುವ ಮಕ್ಕಳು ಇರಬಹುದು. ಬಾಲ್ಯದಲ್ಲಿ ಹೊತ್ತು ಈಗ ದೊಡ್ಡವರಾದವರೂ ಇರಬಹುದು. ಅವರಿಗೆ ‘ಒಳ್ಳೆಯದೇ ಆಯಿತು’ ಅಂತ ಹೇಳುವ ಹಕ್ಕು ನಮಗಿಲ್ಲ.

ಆದ್ದರಿಂದ ಒಂದು ಬೆಲೆ ಇರಲಿ. ಅದು ಹಂತ 1ರಲ್ಲಿ ನೀವು ಇಟ್ಟ ಆಸೆಯಿಂದಲೇ ಬರಲಿ. ಅಕ್ಕನಿಗೆ ನಾಟಕದ ಪಾತ್ರ ಸಿಕ್ಕಿತ್ತು. ಅಭ್ಯಾಸ ಇರುವುದು ಸಂಜೆ. ಎರಡು ಸಲ ತಪ್ಪಿಸಿಕೊಂಡಳು. ಮೂರನೇ ಸಲ ಹೋದಾಗ ಆ ಮಾತುಗಳನ್ನು ಗೆಳತಿ ಹೇಳುತ್ತಿದ್ದಳು. ಯಾರೂ ಬೇಕು ಅಂತ ಮಾಡಿದ್ದಲ್ಲ. ಗೆಳತಿ ‘ನೀನು ಬರಲ್ಲ ಅಂದ್ಕೊಂಡ್ವಿ ಕಣೇ’ ಅಂತಾಳೆ. ಅಕ್ಕ ‘ಪರವಾಗಿಲ್ಲ’ ಅಂತಾಳೆ. ಇಷ್ಟೇ ಸಾಕು. ಇಲ್ಲಿ ಅವಳನ್ನು ಅಳಿಸಲು ಹೋಗಬೇಡಿ.

ಯಾವ ಗಾಯ ಬಹಳ ಕಾಲ ಉಳಿಯುತ್ತದೆ ಅನ್ನುವುದಕ್ಕೆ ಇಂಗ್ಲಿಷ್ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ಬದುಕಿನಲ್ಲೇ ಒಂದು ಉತ್ತರವಿದೆ. 1824ರಲ್ಲಿ ಅವನ ಅಪ್ಪ ಸಾಲ ತೀರಿಸಲಾಗದೆ ಲಂಡನ್ನಿನ ಮಾರ್ಷಲ್‌ಸೀ ಜೈಲು ಸೇರಿದ. 12 ವರ್ಷದ ಹುಡುಗ ಬೂಟ್ ಪಾಲಿಶ್ ತಯಾರಿಸುವ ಕಾರ್ಖಾನೆಯಲ್ಲಿ ದಿನವಿಡೀ ಡಬ್ಬಿಗಳಿಗೆ ಕಾಗದ ಕಟ್ಟಿ ಚೀಟಿ ಅಂಟಿಸುತ್ತಿದ್ದ. ಕೆಲಸ ಕಷ್ಟದ್ದೇ. ಆದರೆ ಕೊನೆಯವರೆಗೂ ಅವನನ್ನು ಚುಚ್ಚಿದ್ದು ಇನ್ನೊಂದು. ಅಪ್ಪ ಬಿಡುಗಡೆಯಾಗಿ ಬಂದು ಅವನನ್ನು ಆ ಕೆಲಸದಿಂದ ಬಿಡಿಸಿದ ಮೇಲೂ, ಮತ್ತೆ ಅಲ್ಲಿಗೇ ಕಳಿಸಬೇಕು ಅಂತ ಅಮ್ಮ ಬಯಸಿದ್ದಳು. ಅದನ್ನು ಅವನು ಮರೆಯಲೇ ಇಲ್ಲ. ಈ ಕಾರ್ಖಾನೆಯ ವಿಷಯವನ್ನೇ ಬದುಕಿಡೀ ಮುಚ್ಚಿಟ್ಟಿದ್ದ. 1870ರಲ್ಲಿ ತೀರಿಕೊಂಡ ಮೇಲೆ, ಗೆಳೆಯ ಜಾನ್ ಫಾರ್ಸ್ಟರ್ ಬರೆದ ಜೀವನಚರಿತ್ರೆಯಿಂದ ಅದು ಜಗತ್ತಿಗೆ ಗೊತ್ತಾಯಿತು.

ನೋಡಿ, ನೋವು ಡಬ್ಬಿಗಳಲ್ಲಿ ಇರಲಿಲ್ಲ. ‘ನನ್ನನ್ನು ಅಲ್ಲಿಗೆ ಕಳಿಸಲು ಇವರಿಗೆ ಮನಸ್ಸು ಬಂತಲ್ಲ’ ಅನ್ನುವುದರಲ್ಲಿತ್ತು. ನಿಮ್ಮ ಪಾತ್ರದ ನೋವು ಎಲ್ಲಿದೆ ಅಂತ ಹುಡುಕುವಾಗ ಕೆಲಸವನ್ನಷ್ಟೇ ನೋಡಬೇಡಿ. ಆ ಕೆಲಸ ಕೊಟ್ಟವರು ಯಾರು, ಕೊಡುವಾಗ ಅವರ ಮುಖ ಹೇಗಿತ್ತು, ಮಗು ಮಾಡಿದ್ದನ್ನು ಯಾರಾದರೂ ‘ನೀನು ಮಾಡಿದೆ’ ಅಂತ ಒಪ್ಪಿಕೊಂಡರಾ ಅಂತ ನೋಡಿ. ಬೇರೆ ದಾರಿಯಿಲ್ಲದೆ, ನೊಂದುಕೊಂಡು ಕೊಟ್ಟ ಕೆಲಸ ಒಂದು ಥರ ಬೆಳೆಸುತ್ತದೆ. ಯೋಚನೆಯೇ ಇಲ್ಲದೆ ಹೊರಿಸಿದ್ದು ಇನ್ನೊಂದು ಥರ.

ಹಂತ 7: ಜೊತೆಗೆ ಒಬ್ಬರಿರಲಿ, ಆದರೆ ಹೊರೆ ಇಳಿಸದಿರಲಿ

ಹವಾಯಿಯ ಕವಾಯ್ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಮನಶ್ಶಾಸ್ತ್ರಜ್ಞೆಯರಾದ ಎಮ್ಮಿ ವರ್ನರ್ ಮತ್ತು ರೂತ್ ಸ್ಮಿತ್ ಅವರು ದಶಕಗಳ ಕಾಲ ಗಮನಿಸಿದರು. ಬಡತನ, ಮನೆಯ ಒಡಕು, ಹೆತ್ತವರ ಕುಡಿತ ಅಥವಾ ಮಾನಸಿಕ ಕಾಯಿಲೆ ಹೀಗೆ ಹಲವು ಕಷ್ಟಗಳು ಒಟ್ಟಿಗೆ ಇದ್ದ ಮಕ್ಕಳಲ್ಲಿ ಸುಮಾರು ಮೂರನೇ ಒಂದು ಭಾಗದವರು ಒಳ್ಳೆಯ ರೀತಿಯಲ್ಲಿ ಬೆಳೆದರು. ಅವರಲ್ಲಿ ಮತ್ತೆ ಮತ್ತೆ ಕಂಡದ್ದು ಎರಡು. ನಂಬಬಹುದಾದ, ಪ್ರೀತಿಯಿಂದ ಜೊತೆಗಿದ್ದ ಒಬ್ಬರಾದರೂ ಅವರಿಗಿದ್ದರು. ಅದು ಅಜ್ಜಿಯೋ ಟೀಚರೋ ಯಾರೋ ಆಗಿರಬಹುದು. ಜೊತೆಗೆ, ಮನೆಯಲ್ಲಿ ನಿಜವಾಗಿ ಅಗತ್ಯವಿದ್ದ ಯಾವುದೋ ಕೆಲಸ ಅವರ ಪಾಲಿಗಿತ್ತು.

ಇದನ್ನು ಕಥೆಗೆ ತರುವಾಗ ಒಂದು ಎಚ್ಚರಿಕೆ. ಆ ಒಬ್ಬರು ಬಂದು ಎಲ್ಲ ಸರಿ ಮಾಡಿಬಿಟ್ಟರೆ ಕಥೆ ಅವರದಾಗುತ್ತದೆ. ಅವರು ಬುದ್ಧಿಮಾತು ಹೇಳುತ್ತ ಕೂತರೂ ಅಷ್ಟೇ. ಅವರಿಂದ ಒಂದು ಸಣ್ಣ ಸಹಾಯ ಆಗಲಿ. ಪಕ್ಕದ ಮನೆಯ ಅಜ್ಜಿ ಬಂದು ‘ನಾನಿಲ್ಲಿ ಕೂತಿರ್ತೀನಿ, ನೀನು ಒಂದು ಗಂಟೆ ಮಲಗು ಮಗಳೇ’ ಅನ್ನಲಿ. ಮಾತ್ರೆಯ ಹೊತ್ತಿಗೆ ಸರಿಯಾಗಿ ಎಬ್ಬಿಸಲಿ. ತಾನೇ ಕೊಟ್ಟುಬಿಡಬಹುದಿತ್ತು, ಕೊಡಲಿಲ್ಲ. ಇದು ನಿನ್ನ ಕೆಲಸ, ನೀನು ಮಾಡಬಲ್ಲೆ ಅನ್ನುವುದು ಆ ಎಬ್ಬಿಸುವಿಕೆಯಲ್ಲೇ ಬಂತು.

ಹಂತ 8: ಹೊರೆ ಇಳಿಸುವ ಹೊತ್ತು

ಹೆಚ್ಚಿನ ಕಥೆಗಳು ಇಷ್ಟು ದೂರ ಬರುವುದಿಲ್ಲ. ಅಮ್ಮ ಗುಣವಾದಳು, ಅಪ್ಪನಿಗೆ ಕೆಲಸ ಸಿಕ್ಕಿತು, ಕಥೆ ಮುಗಿಯಿತು. ನನಗೆ ಎಲ್ಲಕ್ಕಿಂತ ಸತ್ವ ಇರುವ ಜಾಗ ಇದೇ ಅನ್ನಿಸುತ್ತದೆ. ಜವಾಬ್ದಾರಿ ಹೊರುವುದಕ್ಕಿಂತ ಅದನ್ನು ವಾಪಸ್ ಕೊಡುವುದು ಎಷ್ಟೋ ಸಲ ಕಷ್ಟ. ತಿಂಗಳುಗಟ್ಟಲೆ ಅವಳು ಆ ಮನೆಗೆ ಬೇಕಾದವಳಾಗಿದ್ದಳು. ಈಗ ಮತ್ತೆ ಬರೀ ಮಗಳು.

‘ಇನ್ನು ನಾನೇ ನೋಡ್ಕೋತೀನಿ ಪುಟ್ಟಿ,’ ಅಂದಳು ಅಮ್ಮ.

‘ರಾತ್ರಿದು ಊಟ ಆದ್ಮೇಲೆ.’

‘ಗೊತ್ತು.’

‘ಬಿಳಿದು ಮೊದ್ಲು ತಗೋಬೇಡ.’

‘ಗೊತ್ತು ಕಣೇ.’

ಡಬ್ಬಿ ಅಮ್ಮನ ಕೈಯಲ್ಲಿತ್ತು. ಇವಳ ಕೈ ಇನ್ನೂ ಅದರ ಮೇಲೇ ಇತ್ತು.

ಇಲ್ಲಿಂದ ಕಥೆ ಹಲವು ಕಡೆ ಹೋಗಬಹುದು. ರಾತ್ರಿ ಅದೇ ಹೊತ್ತಿಗೆ ಅವಳಿಗೆ ಎಚ್ಚರವಾಗಬಹುದು. ಅಮ್ಮನಿಗೆ ಗೊತ್ತಾಗದ ಹಾಗೆ ಬೆಳಿಗ್ಗೆ ಮಾತ್ರೆ ಎಣಿಸಿ ನೋಡಬಹುದು. ಶಾಲೆಯಲ್ಲಿ ಗೆಳತಿಯರ ಹರಟೆ ಅವಳಿಗೆ ಚಿಕ್ಕ ಮಕ್ಕಳ ಆಟದಂತೆ ಕಾಣಬಹುದು. ಆ ಅಂತರ ಅವಳಿಗೇ ಬೇಸರ ತರಬಹುದು. ಅಥವಾ ಮೊದಲ ಸಲ, ಎಲ್ಲ ಮುಗಿದ ಮೇಲೆ, ಅಮ್ಮನ ಮೇಲೆ ವಿಪರೀತ ಸಿಟ್ಟು ಬರಬಹುದು. ಕಾಯಿಲೆಯ ಅಮ್ಮನ ಮೇಲೆ ಸಿಟ್ಟು ಮಾಡಲು ಆಗಿರಲಿಲ್ಲ, ಈಗ ಮಾಡಬಹುದು. ನನ್ನ ಆಯ್ಕೆ ಈ ಕೊನೆಯದು. ಯಾವುದೋ ಸಣ್ಣ ಕಾರಣಕ್ಕೆ ಅಕ್ಕ ಕಿರುಚಾಡಲಿ, ಬಾಗಿಲು ಬಡಿಯಲಿ. ಅಮ್ಮನಿಗೆ ಕಾರಣ ಹೊಳೆದು ಅವಳು ಸುಮ್ಮನೆ ಕೇಳಿಸಿಕೊಳ್ಳಲಿ. ಅಮ್ಮ ನಿಜವಾಗಿ ಅಮ್ಮನ ಜಾಗಕ್ಕೆ ಮರಳಿದ್ದು ಆ ಕ್ಷಣದಲ್ಲಿ, ಡಬ್ಬಿ ತೆಗೆದುಕೊಂಡಾಗ ಅಲ್ಲ.

ಒಂದು ಮಾತು ನೆನಪಿಡಿ. ಅವಳು ಪೂರ್ತಿ ಬದಲಾಗಬೇಕಿಲ್ಲ. ಏನೋ ಒಂದು ಹಳೆಯದು ಉಳಿದಿರಲಿ. ಮಾತ್ರೆ ಮರೆಯದ ಹುಡುಗಿ ತನ್ನ ಛತ್ರಿಯನ್ನು ಈಗಲೂ ಎಲ್ಲೋ ಬಿಟ್ಟು ಬರಲಿ. ಬೇರೆಯವರದ್ದನ್ನು ನೆನಪಿಡಲು ಕಲಿತಿದ್ದಾಳೆ, ತನ್ನದನ್ನು ಇನ್ನೂ ಇಲ್ಲ. ಮಕ್ಕಳು ಹಾಗೇ ಬೆಳೆಯುವುದು, ಒಂದು ಕಡೆ ಮುಂದೆ ಹೋಗಿ, ಇನ್ನೊಂದು ಕಡೆ ಅಲ್ಲೇ ನಿಂತು.

ಹಂತ 9: ತಿದ್ದುವಾಗ

ಮೊದಲ ಕರಡು ಮುಗಿದ ಮೇಲೆ ಎರಡು ದಿನ ಬಿಟ್ಟು ಕೂರಿ. ‘ದೊಡ್ಡವಳಾದಳು’, ‘ಜವಾಬ್ದಾರಿ ಅರಿವಾಯಿತು’, ‘ಬದುಕು ಪಾಠ ಕಲಿಸಿತು’ ಥರದ ಸಾಲುಗಳಿಗೆಲ್ಲ ಗೆರೆ ಎಳೆಯಿರಿ. ಒಂದೊಂದನ್ನೂ ತೆಗೆದು ಓದಿ. ಆಗಲೂ ಕಥೆ ಗಟ್ಟಿಯಾಗಿ ನಿಂತಿತಾ? ಹಾಗಾದರೆ ಆ ಸಾಲು ಬೇಕಿರಲಿಲ್ಲ. ಏನೋ ಕಳೆದುಹೋಯಿತು ಅನ್ನಿಸಿದರೆ ಅಲ್ಲೊಂದು ದೃಶ್ಯ ಬಿಟ್ಟುಹೋಗಿದೆ, ಅದನ್ನು ಬರೆಯಬೇಕು.

ಆಮೇಲೆ ಕೆಲಸದ ಜಾಡು ಹಿಡಿದು ನೋಡಿ. ಮಾತ್ರೆಯ ವಿಷಯ ಎರಡನೇ ಅಧ್ಯಾಯದಲ್ಲಿ ಬಂದು ಆರನೆಯದರವರೆಗೆ ಕಾಣೆಯಾಗಿದ್ದರೆ ಅದು ದಿನನಿತ್ಯದ ಹೊರೆ ಅಲ್ಲ. ಪ್ರತಿ ಅಧ್ಯಾಯದಲ್ಲೂ ಅದು ಇರಬೇಕು, ಕೆಲವು ಕಡೆ ಅರ್ಧ ಸಾಲಿನಲ್ಲಾದರೂ. ಗೆಳತಿಯ ಮನೆಯಲ್ಲಿ ನಗುತ್ತ ಕೂತವಳು ಗಡಿಯಾರ ನೋಡಿದರೆ ಸಾಕು.

ಕೊನೆಗೆ, ಸಾಧ್ಯವಾದರೆ ನಿಮ್ಮ ಪಾತ್ರದ ವಯಸ್ಸಿನವರೇ ಒಬ್ಬರಿಗೆ ಓದಲು ಕೊಡಿ. ‘ಇಷ್ಟವಾಯಿತಾ?’ ಅಂತ ಕೇಳಬೇಡಿ, ಮಕ್ಕಳು ಮರ್ಯಾದೆಗೆ ಹೂಂ ಅನ್ನುತ್ತಾರೆ. ‘ಯಾವ ಜಾಗದಲ್ಲಿ ಇದು ಸುಳ್ಳು ಅನ್ನಿಸಿತು?’ ಅಂತ ಕೇಳಿ. ಅವರು ಬೆರಳಿಟ್ಟು ತೋರಿಸುತ್ತಾರೆ. ಆ ಪುಟದಿಂದ ಮತ್ತೆ ಬರೆಯಲು ಶುರುಮಾಡಿ.